ಕಪ್ಪತಪೇಟೆಯ ಮತ: ಹೊಟ್ಟೆಯೋ, ಕಣ್ಣೋ

ಕಪ್ಪತಪೇಟೆ, ಎರಡನೇ ಬೇಸಿಗೆಯ ಮೂವತ್ತೇಳನೇ ದಿನ,
ಕಡಲೇರಿದ ಶಕೆ ತೊಂಬತ್ತೊಂದು.

ಮತಗಟ್ಟೆಯ ಮುಂದೆ ಸಾಲಿನಲ್ಲಿ ನಿಂತ ಹಳೆಯ ಕಾಲದವರಿಗೆ,

ಮೇಲಿನ ತಾರೀಖು ನಿಮ್ಮ ಯಾವ ಪಂಚಾಂಗದಲ್ಲಿಯೂ ಸಿಗಲಾರದು. ನಮ್ಮಲ್ಲಿ ಬೇಸಿಗೆಗಳು ಮೂರು, ಒಂದೊಂದಕ್ಕೆ ನಲವತ್ತೈದು ದಿನ. ಕಡಲು ಕರಾವಳಿಯ ಊರುಗಳನ್ನು ಏರಿ ಬಂದ ವರ್ಷದಿಂದ ನಾವು ಲೆಕ್ಕ ಹಿಡಿಯುತ್ತೇವೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದನ್ನು ಮನ್ನಿಸಿರಿ. ನಿಮ್ಮ ಕನ್ನಡವನ್ನು ನಾನು ಕಾಗದಗಳಿಂದ ಕಲಿತವಳು. ನಾವು ಮನೆಯಲ್ಲಿ ಆಡುವುದು ಬೇರೆ.

ನನ್ನ ಹೆಸರು ಹಾಲವ್ವ. ವಯಸ್ಸು ನಲವತ್ತೊಂದು. ಇಲ್ಲಿಯ ಕಾಗದಮನೆಯಲ್ಲಿ, ಅಂದರೆ ಹಳೆಯ ಪತ್ರಿಕೆ ಪುಸ್ತಕಗಳನ್ನು ಧೂಳು ಹೊಡೆದು ಇಡುವ ಮನೆಯಲ್ಲಿ, ನನಗೆ ಕೆಲಸ. ನಿಮ್ಮ ಕಾಲದ ಒಂದು ಜಗಳ ಅಲ್ಲಿ ಮತ್ತೆ ಮತ್ತೆ ನನ್ನ ಕೈಗೆ ಸಿಗುತ್ತದೆ. ಯಾವುದೋ ದೇಶದಲ್ಲಿ ಚುನಾವಣೆ ಮುಗಿದಿರುತ್ತದೆ. ಜನ ಹೀಗೇಕೆ ಮತ ಹಾಕಿದರು ಎಂದು ಪಂಡಿತರು ಪುಟಗಟ್ಟಲೆ ಬರೆಯುತ್ತಾರೆ. ಇನ್ನೊಬ್ಬರ ಬಣ್ಣ, ಹುಟ್ಟು, ಕುಲ ಕಂಡರಾಗದೆ ಹಾಕಿದರೆಂದು ಒಬ್ಬರು. ಅಲ್ಲ, ಕೆಲಸ ಹೋಗಿತ್ತು, ಒಲೆ ಆರಿತ್ತು, ಅದಕ್ಕೆ ಹಾಕಿದರೆಂದು ಇನ್ನೊಬ್ಬರು. ಓದುವಾಗ ನಿಮ್ಮ ಮೇಲೆ ನನಗೆ ಅಸೂಯೆಯಾಗುತ್ತದೆ. ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಪರದೆಯಾಚೆ ಏನು ಮಾಡಿದಿರೆಂದು ಯಾರಿಗೂ ಹೇಳದೆ ಮನೆಗೆ ಹೋಗಿ ಊಟ ಮಾಡುತ್ತಿದ್ದಿರಿ. ನಮಗೆ ಆ ಸುಖವಿಲ್ಲ.

ನಮ್ಮಲ್ಲಿ ಮತ ಗುಟ್ಟು, ಕಾರಣ ಗುಟ್ಟಲ್ಲ. ಚುನಾವಣೆಯಾದ ಮೇಲೆ ಚೀಟಿ ಎತ್ತಿ ಇಬ್ಬರನ್ನು ಆರಿಸುತ್ತಾರೆ. ಅವರಿಗೆ ‘ಕಾರಣ ಕೇಳುವವರು’ ಎಂದು ಹೆಸರು. ಇಬ್ಬರೂ ಮನೆಮನೆಗೆ ಹೋಗಿ ಕೇಳಬೇಕು. ಯಾರಿಗೆ ಹಾಕಿದಿರಿ ಎಂದು ಕೇಳುವಂತಿಲ್ಲ, ಏಕೆ ಹಾಕಿದಿರಿ ಎಂದು ಕೇಳಲೇಬೇಕು. ಕೊನೆಗೆ ಇಡೀ ಊರಿಗೆ ಒಂದೇ ಮಾತು ಬರೆದು ಇಬ್ಬರೂ ಸಹಿ ಹಾಕಬೇಕು: ‘ಹೊಟ್ಟೆ’ ಅಥವಾ ‘ಕಣ್ಣು’. ಹೊಟ್ಟೆ ಎಂದರೆ ಕಷ್ಟ ನೋಡಿ ಹಾಕಿದ ಮತ, ಊರಿಗೆ ನಾಡಿನ ಆಸರೆ, ಅಂದರೆ ದುಡ್ಡಿನ ನೆರವು, ಸಿಗುತ್ತದೆ. ಕಣ್ಣು ಎಂದರೆ ಮನುಷ್ಯರನ್ನು ಕೀಳಾಗಿ ಕಂಡು ಹಾಕಿದ ಮತ, ಆ ಚುನಾವಣೆ ರದ್ದಾಗುತ್ತದೆ, ಪರವೂರಿನವರ ಕಾವಲಿನಲ್ಲಿ ಮತ್ತೆ ನಡೆಯುತ್ತದೆ. ನಿಮ್ಮ ಪಂಡಿತರ ಜಗಳ ತೀರದೆ ಹೋದದ್ದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯ ಇದು. ನಾಲ್ಕು ವರ್ಷದ ಹಿಂದೆ ಚೀಟಿಯಲ್ಲಿ ನನ್ನ ಹೆಸರು ಬಂತು. ಆಗ ನಡೆದದ್ದನ್ನು ಹೇಳಲೆಂದೇ ಈ ಪತ್ರ.

ಮೊದಲು ನಮ್ಮ ಊರಿನ ಸ್ಥಿತಿ ತಿಳಿಯಬೇಕು. ಇಲ್ಲಿ ಮಳೆ ಬರುವುದು ಅಪರೂಪ, ಮಂಜು ಬರುತ್ತದೆ. ಕಪ್ಪತಗುಡ್ಡದ ನೆತ್ತಿಯಲ್ಲಿ ಬೆಳಗಿನ ಜಾವ ಮಂಜು ಹರಿದು ಹೋಗುವಾಗ ಅದನ್ನು ಬಲೆಗಳಲ್ಲಿ ಹಿಡಿಯುತ್ತೇವೆ. ಮಂಜುಬಲೆ ಎನ್ನುತ್ತೇವೆ ಅದಕ್ಕೆ. ಎಳೆಗೆ ಅಂಟಿದ ಮಂಜು ಹನಿ ಹನಿಯಾಗಿ ಇಳಿದು, ಕೊಳವೆ ಹಿಡಿದು ಪೇಟೆಯ ತೊಟ್ಟಿಗಳಿಗೆ ಬರುತ್ತದೆ. ಕುಡಿಯುವುದು, ಅಡುಗೆ, ಸಜ್ಜೆ ಹೊಲದ ಸಸಿ, ಎಲ್ಲಕ್ಕೂ ಅದೇ ನೀರು. ಸ್ನಾನಕ್ಕೆ ವಾರಕ್ಕೆ ಎರಡು ಚೆಂಬು. ಬಲೆಗಳನ್ನು ಯಂತ್ರದ ಮೇಲೆ ನೇಯುವ ನೂಲುಮನೆ ಊರಿನ ನಡುವೆ ಇತ್ತು. ಅರ್ಧ ಊರು ಅಲ್ಲೇ ದುಡಿಯುತ್ತಿತ್ತು. ನನ್ನ ಅಪ್ಪ ಫಕ್ಕೀರಪ್ಪ ಅಲ್ಲಿಯ ಮೇಸ್ತ್ರಿ. ಸಂಜೆ ಮನೆಗೆ ಬಂದರೆ ಅವನ ಮೀಸೆಯ ಮೇಲೂ ನೂಲಿನ ಪುಡಿ ಇರುತ್ತಿತ್ತು.

ನನಗೆ ಏಳು ವರ್ಷವಿದ್ದಾಗ ಕರಾವಳಿಯ ಕೊನೆಯ ಊರುಗಳೂ ನೀರಿಗೆ ಹೋಗಿ, ಅಲ್ಲಿಯ ಜನ ಗುಡ್ಡದ ಈಚೆಗೆ ಬಂದರು. ಪೇಟೆಯವರು ಅವರನ್ನು ‘ಉಪ್ಪಿನವರು’ ಎಂದು ಕರೆದರು. ಬಯ್ಗುಳವೇನೂ ಅಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ಯಾರೂ ತಮ್ಮ ಮಕ್ಕಳನ್ನು ಹಾಗೆ ಕರೆಯುತ್ತಿರಲಿಲ್ಲ. ಅವರಲ್ಲಿ ವಾರಿಜಾ ಎಂಬವಳು ನನ್ನ ಪಕ್ಕದ ಬೆಂಚಿಗೆ ಬಂದು ಕುಳಿತಳು. ಅವಳಿಗೂ ಏಳು ವರ್ಷ. ಬಂದ ದಿನ ಅವಳ ಕೈಯಲ್ಲಿ ಚೀಲವಿರಲಿಲ್ಲ, ಹಲಗೆಯಿರಲಿಲ್ಲ. ನನ್ನ ಹಲಗೆಯ ಅರ್ಧ ಕೊಟ್ಟೆ. ತಿಂಗಳೊಳಗೆ ಅವಳು ನನಗಿಂತ ಚೆನ್ನಾಗಿ ಬರೆಯುತ್ತಿದ್ದಳು.

ಅಲ್ಲಿಂದ ಮುಂದೆ ಹಾಗೆಯೇ ನಡೆಯಿತು. ನಾನು ಕಲಿಸಿದ ಲೆಕ್ಕದಲ್ಲಿ ಅವಳು ನನ್ನನ್ನು ದಾಟಿದಳು. ನಾನು ಮೆಚ್ಚಿದ ಹುಡುಗ ಅವಳ ಬಗ್ಗೆ ನನ್ನನ್ನೇ ವಿಚಾರಿಸಿದ. ಅವಳು ಒಮ್ಮೆಯೂ ಮೆರೆದವಳಲ್ಲ. ಮೆರೆದಿದ್ದರೆ ದ್ವೇಷಿಸಿ ಹಗುರಾಗುತ್ತಿದ್ದೆ. ನನಗೆ ಜ್ವರ ಬಂದಾಗ ತನ್ನ ಪಾಲಿನ ನೀರು ತಂದು ನನ್ನ ಹಣೆಗೆ ಬಟ್ಟೆ ಹಾಕಿದವಳು ಅವಳು. ಕಣ್ಣು ಮುಚ್ಚಿ ಮಲಗಿದ್ದ ನಾನು, ಇದರಲ್ಲೂ ಇವಳೇ ಮೇಲಾದಳಲ್ಲ ಎಂದುಕೊಂಡಿದ್ದೆ.

ಮೂವತ್ತು ದಾಟಿದ ಮೇಲೆ ವಾರಿಜಾ ಒಂದು ಗಂಟು ಕಂಡುಹಿಡಿದಳು. ಅವಳ ಅಜ್ಜಿ ಮೀನಿನ ಬಲೆಗೆ ಹಾಕುತ್ತಿದ್ದ ಗಂಟನ್ನೇ ತಿರುವಿ, ಹನಿ ನಿಂತು ಗಾಳಿ ದಾಟುವಂತೆ ಮಾಡಿದ್ದಳು. ಕೈಯಲ್ಲಿ ಹೆಣೆದ ಆ ಬಲೆ ಯಂತ್ರದ ಬಲೆಯ ಎರಡು ಪಟ್ಟು ನೀರು ಹಿಡಿಯಿತು. ಊರಿನ ತೊಟ್ಟಿಗಳು ತುಂಬಿದವು. ನೂಲುಮನೆ ಮುಚ್ಚಿತು.

ಅಪ್ಪ ಕೆಲಸ ಕಳೆದುಕೊಂಡು ಹದಿನೈದು ದಿನ ಕಟ್ಟೆಯ ಮೇಲೆ ಕುಳಿತ. ಹದಿನಾರನೇ ದಿನ ಎದ್ದು ರುಮಾಲು ಸುತ್ತಿಕೊಂಡು ವಾರಿಜಾಳ ಅಂಗಳಕ್ಕೆ ಹೋದ. ಜಗಳಕ್ಕೆ ಹೋದನೆಂದು ನಾನು ಹಿಂದೆಯೇ ಓಡಿದೆ. ಅವನು ಅವಳ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, “ಆ ಗಂಟು ಹೆಂಗ ಹಾಕ್ತೀ, ತೋರ್ಸು ತಂಗಿ” ಎಂದ. ಅಂದಿನಿಂದ ದಿನವೂ ಹೋದ. ಅವಳು ಅವನನ್ನು ‘ಅಪ್ಪಯ್ಯ’ ಎಂದು ಕರೆಯತೊಡಗಿದಳು. ಅವಳ ಸ್ವಂತ ತಂದೆ ಕಡಲಿನಲ್ಲಿ ಹೋದವರು. ಒಂದು ಸಂಜೆ ಊಟಕ್ಕೆ ಕುಳಿತಾಗ ಅಪ್ಪ ರೊಟ್ಟಿ ಮುರಿಯುತ್ತ, ಏನೂ ಯೋಚಿಸದೆ, “ಎಂಥಾ ಕೈ ಅದಾವು ಆಕಿಯವು! ಇಂಥಾಕಿ ನಮ್ಮ ಮನ್ಯಾಗ ಹುಟ್ಟಬೇಕಿತ್ತು” ಎಂದ. ಅವನಿಗೆ ಇರುವವಳು ನಾನೊಬ್ಬಳೇ ಮಗಳು. ರೊಟ್ಟಿ ಬಡಿದವಳೂ ನಾನೇ.

ಆ ವರ್ಷ ನೀರಿನ ಸಭೆಯ ಹಿರಿತನಕ್ಕೆ ಚುನಾವಣೆ ಬಂತು. ಊರಿನ ಹಿರಿಯ ಯಾರೋ ಅವರೇ ತೊಟ್ಟಿಗಳ ಬೀಗ ಹಿಡಿಯುವವರು. ಅದುವರೆಗೆ ಹಿರಿತನದಲ್ಲಿದ್ದವನು ಶೇಖಣ್ಣ, ಕೆಡುಕೂ ಮಾಡದ ಒಳ್ಳೆಯದೂ ಮಾಡದ ಮನುಷ್ಯ. ಅವನ ಎದುರು ವಾರಿಜಾ ನಿಂತಳು. ನೂಲುಮನೆಯನ್ನು ಗಂಟು ಕಲಿಸುವ ಶಾಲೆ ಮಾಡುತ್ತೇನೆ, ಕೆಲಸ ಹೋದವರೆಲ್ಲ ಅಲ್ಲಿಗೆ ಬನ್ನಿ ಎಂದು ಮಾತು ಕೊಟ್ಟಳು. ನಾನು ಅವಳ ಜೊತೆ ಓಣಿ ಓಣಿ ತಿರುಗಿದೆ. ಗಂಟಲು ಹರಿಯುವಂತೆ ಅವಳ ಹೆಸರು ಕೂಗಿದೆ.

ಮತದ ದಿನ ಪರದೆಯಾಚೆ ಹೋದೆ. ಎರಡು ಗಡಿಗೆಗಳಿದ್ದವು, ಕೈಯಲ್ಲಿ ಒಂದು ಮಣ್ಣಿನ ಗುಂಡು. ವಾರಿಜಾಳ ಗಡಿಗೆಯ ಮೇಲೆ ಬಲೆಯ ಚಿತ್ರ ಬರೆದಿತ್ತು. ಗುಂಡನ್ನು ಶೇಖಣ್ಣನ ಗಡಿಗೆಗೆ ಹಾಕಿ ಹೊರಗೆ ಬಂದು, ಅವಳ ಕೈ ಹಿಡಿದು, “ಗೆಲ್ತೀ ಬಿಡು” ಎಂದೆ. ಅವಳು ಎಪ್ಪತ್ತಮೂರು ಮತಗಳಿಂದ ಸೋತಳು.

ಮರುದಿನವೇ ಚೀಟಿ ಎತ್ತಿದರು. ನನ್ನ ಜೊತೆ ಬಂದ ಇನ್ನೊಂದು ಹೆಸರು ದಸ್ತಗೀರನದು. ತೊಟ್ಟಿ ತೊಳೆಯುವ ಕೆಲಸದವನು, ಕಡಿಮೆ ಮಾತಿನವನು. ಹಸಿವಿನ ಮನೆಯಲ್ಲಿ ಬೆಳೆದವನಾದ್ದರಿಂದ ಹೊಟ್ಟೆಯ ಕಾರಣವನ್ನು ಬೇಗ ನಂಬುತ್ತಿದ್ದ. ಇಬ್ಬರೂ ಹನ್ನೆರಡು ದಿನ ಮನೆಗಳನ್ನು ಸುತ್ತಿದೆವು. ಎಲ್ಲರ ಬಾಯಲ್ಲೂ ಒಂದೇ ಉತ್ತರ. “ನಮಗ ಉಪ್ಪಿನವರ ಮ್ಯಾಲ ಸಿಟ್ಟೇನಿಲ್ರೀ. ನೂಲುಮನಿ ಮುಚ್ಚೇತಿ, ದುಡಿಮಿ ಹೋಗೇತಿ.” ನಿಜ, ದುಡಿಮೆ ಹೋಗಿತ್ತು. ಮಕ್ಕಳ ಕಾಲು ಕಡ್ಡಿಯಾಗಿದ್ದವು. ಒಂದು ಮನೆಯಲ್ಲಿ ಮೂರು ಜನಕ್ಕೆ ಒಂದೇ ರೊಟ್ಟಿ ಹಂಚುವುದನ್ನು ಕಂಡು ದಸ್ತಗೀರ ತಲೆ ತಗ್ಗಿಸಿದ. ಆದರೆ ಅದೇ ಮನೆಯ ಹೆಂಗಸು ನಾವು ಎದ್ದು ಹೊರಟಾಗ ಹೊಸಿಲವರೆಗೆ ಬಂದು ದನಿ ಇಳಿಸಿ ಹೇಳಿದಳು: “ಒಂದ್ ಮಾತ್ರೀ. ಅವರ ಬಲಿ ನೀರು ಮೀನು ನಾರ್ತೈತಿ.” ಆ ಹೆಂಗಸು ಹುಟ್ಟಿದಾರಭ್ಯ ಮೀನು ಕಂಡವಳಲ್ಲ. ನಮ್ಮ ಊರಿನಲ್ಲಿ ಮೀನು ಕಂಡವರು ಯಾರೂ ಇಲ್ಲ, ಬಂದವರನ್ನು ಬಿಟ್ಟು.

ದಾರಿಯುದ್ದಕ್ಕೂ ನಾವು ಜಗಳವಾಡಿದೆವು. ಹೊಟ್ಟೆ ಎನ್ನುತ್ತಿದ್ದ ಅವನು. ಕಣ್ಣು ಎನ್ನುತ್ತಿದ್ದೆ ನಾನು. ಶಾಲೆ ಮಾಡಿ ಕೆಲಸ ಕೊಡುತ್ತೇನೆಂದವಳನ್ನು ಬಿಟ್ಟು ಏನೂ ಕೊಡದವನನ್ನು ಆರಿಸಿದ್ದು ಹೊಟ್ಟೆಯ ಬುದ್ಧಿಯೇ ಎಂದು ಕೇಳಿದೆ. ಅದು ಒಳ್ಳೆಯ ವಾದ, ಈಗಲೂ ಒಪ್ಪುತ್ತೇನೆ. ಆದರೆ ನಾನು ಅದನ್ನು ಹಿಡಿದದ್ದು ಸತ್ಯದ ಪ್ರೀತಿಯಿಂದಲ್ಲ. ಇಡೀ ಊರಿನ ಕಣ್ಣು ಕೆಟ್ಟದ್ದೆಂದು ಸಾಬೀತಾದರೆ ನನ್ನ ಒಂದು ಗುಂಡು ಆ ರಾಶಿಯಲ್ಲಿ ಕಾಣದೆ ಹೋಗುತ್ತದೆ ಎಂಬ ಲೆಕ್ಕಾಚಾರ ಒಳಗಿತ್ತು.

ಹದಿಮೂರನೇ ದಿನ ನಮ್ಮದೇ ಮನೆ ಬಂತು. ಕೇಳುವವರ ಮನೆಯನ್ನೂ ಬಿಡುವಂತಿಲ್ಲ. ಜೊತೆಯವನು ಕೇಳಬೇಕು. ದಸ್ತಗೀರ ಅಪ್ಪನ ಎದುರು ಕುಳಿತು, “ಕಾಕಾ, ನಿಮ್ಮ ಕಾರಣ ಹೇಳ್ರಿ” ಎಂದ.

ಅಪ್ಪ ಮುಚ್ಚಿಡಲಿಲ್ಲ. “ನಾ ವಾರಿಜಾಗ ಹಾಕೀನಿ. ಆಕಿ ಗಂಟಿನಿಂದನ ನನ್ನ ಕೆಲಸ ಹೋತು, ಖರೇ. ಆದ್ರ ನಲವತ್ತು ವರ್ಷ ನಾ ನೇಯ್ದ ಬಲಿಗಿಂತ ಅದು ಚಲೋ ಐತಿ. ಚಲೋದನ್ನ ಚಲೋ ಅನ್ನಾಕ ನನಗೇನು ಧಾಡಿ?”

ದಸ್ತಗೀರ ಬರೆದುಕೊಂಡ. ಆಮೇಲೆ ನನ್ನ ಕಡೆ ತಿರುಗಿ, “ಅಕ್ಕಾರ, ಈ ಮನ್ಯಾಗ ಇನ್ನೊಂದು ಮತ ಐತಿ” ಎಂದ.

ನಾನು ಏನಾದರೂ ಹೇಳಬಹುದಿತ್ತು. ಅವಳು ನನ್ನ ಗೆಳತಿ, ಅದಕ್ಕೆ ಹಾಕಿದೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಇನ್ನೂರು ಮನೆಗಳಲ್ಲಿ ಕೇಳಿ ಕೇಳಿ ಬಾಯಿಗೆ ರೂಢಿಯಾಗಿದ್ದ ಮಾತೇ ಹೊರಗೆ ಬಂತು. “ಅಪ್ಪನ ಕೆಲಸ ಹೋತಲ್ಲ. ಅದಕ್ಕ.” ರೂಢಿ ಎಂದೆ, ಅಷ್ಟೇ ಅಲ್ಲ. ಅಪ್ಪ ಕೇಳಿಸಿಕೊಳ್ಳಲಿ ಎಂಬ ಆಸೆಯೂ ಇತ್ತು. ನಿನಗಾಗಿ ಉರಿದವಳು ನಾನು, ಅವಳಲ್ಲ ಎಂದು ಅವನಿಗೆ ತಿಳಿಯಲಿ ಅಂತ.

ಅಪ್ಪ ನಿಧಾನವಾಗಿ ತಲೆಯೆತ್ತಿದ. ನಾನು ಯಾವ ಗಡಿಗೆಗೆ ಹಾಕಿದ್ದೆನೆಂದು ಅವನಿಗೆ ತಿಳಿಯಿತು. “ನನ್ನ ಹೆಸರು ಯಾಕ ತರ್ತೀಯವ್ವಾ ಅದರಾಗ?” ಎಂದಷ್ಟೇ ಕೇಳಿ ಎದ್ದು ಹೊರಗೆ ಹೋದ. ಯಾವ ಕಡೆಗೆ ಹೋದನೆಂದು ನೋಡಲು ನನಗೆ ಬಾಗಿಲವರೆಗೂ ಹೋಗಬೇಕಾಗಿರಲಿಲ್ಲ.

ದಸ್ತಗೀರ ಬರೆಯುವ ಹಾಳೆಯನ್ನು ಪಕ್ಕಕ್ಕಿಟ್ಟು ಕೇಳಿದ. “ಊರಿಗೆಲ್ಲಾ ಕಣ್ಣು ಅಂದ್ರಿ. ನಿಮಗ ಬಂದಾಗ ಹೊಟ್ಟಿ ಆತೇನ್ರೀ ಅಕ್ಕಾರ?” ಅವನ ದನಿಯಲ್ಲಿ ಚುಚ್ಚುವಿಕೆ ಇರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದ. ನನ್ನ ಕೆಲಸ ಕಾಗದಮನೆಯಲ್ಲಿ ಭದ್ರವಾಗಿತ್ತು, ನನ್ನ ಹೊಟ್ಟೆ ತುಂಬಿತ್ತು. ಆದರೂ ಇನ್ನು ನಾನು ಕಣ್ಣು ಎಂದು ವಾದಿಸುವುದು ಹೇಗೆ? ಸಂಜೆಯ ಒಳಗೆ ‘ಹೊಟ್ಟೆ’ ಎಂದು ಬರೆದ ಕಾಗದಕ್ಕೆ ಇಬ್ಬರೂ ಸಹಿ ಹಾಕಿದೆವು.

ಆಸರೆ ಬಂತು. ನೂಲುಮನೆಯ ಬಾಗಿಲು ತೆರೆಯಿತು, ಯಂತ್ರಗಳಿಗೆ ಎಣ್ಣೆ ಬಿತ್ತು. ಅವುಗಳಿಗೆ ಕೆಲಸ ಬೇಕಲ್ಲ, ಶೇಖಣ್ಣ ಕೈಬಲೆಗಳನ್ನು ಒಂದೊಂದಾಗಿ ಇಳಿಸಿ ಯಂತ್ರದ ಬಲೆ ಕಟ್ಟಿಸಿದ. ಹೆಣೆಯುವ ಕೆಲಸವಿಲ್ಲದೆ ಉಪ್ಪಿನವರ ಓಣಿ ಖಾಲಿಯಾಗತೊಡಗಿತು. ಆರು ದಿನದ ದಾರಿಯಲ್ಲಿರುವ ಇನ್ನೊಂದು ಗುಡ್ಡದವರು ವಾರಿಜಾಳನ್ನು ಕರೆದಿದ್ದರು. ಇಡೀ ಓಣಿಯೇ ಅವಳ ಜೊತೆ ಹೊರಟಿತು.

ಹೊರಡುವ ಬೆಳಿಗ್ಗೆ ನಾನು ಅವಳ ಅಂಗಳಕ್ಕೆ ಹೋದೆ. ಅವಳು ಹಗ್ಗದ ಸುರುಳಿಗಳನ್ನು ಬಂಡಿಗೆ ಏರಿಸುತ್ತಿದ್ದಳು. “ನಾ ನಿನಗ ಹಾಕಲಿಲ್ಲ” ಎಂದೆ.

“ಗೊತ್ತು ಮಾರಾಯ್ತಿ” ಎಂದಳು ಅವಳು, ಕೈ ನಿಲ್ಲಿಸದೆ. “ಪ್ರಚಾರದಲ್ಲಿ ನನ್ನ ಹೆಸರು ಕೂಗ್ತಿದ್ದೆಯಲ್ಲ, ಆಗಲೇ ಗೊತ್ತಾಯ್ತು. ಅಷ್ಟು ಜೋರು ಬೇಕಿರಲಿಲ್ಲ.”

“ಅಪ್ಪನ ಕೆಲಸಕ್ಕೂ ಅಲ್ಲ, ನೀವು ಕಡಲಕಡಿಯವರು ಅಂತನೂ ಅಲ್ಲ. ನಿನ್ನ ಕಂಡ್ರ ನನಗ ಹೊಟ್ಟಿಕಿಚ್ಚು. ಸಣ್ಣಾಕಿದ್ದಾಗಿಂದ. ಅಷ್ಟ.” ಹೇಳಿಬಿಟ್ಟೆ. ಹೇಳಿದ ಮೇಲೆ ಎಷ್ಟೋ ಸಮಾಧಾನವಾಯಿತು. ಹೊಟ್ಟೆಕಿಚ್ಚು ಮನುಷ್ಯರದು, ಎಲ್ಲರಿಗೂ ಇರುತ್ತದೆ, ಕಣ್ಣಿನಷ್ಟು ನೀಚವಲ್ಲ ಎಂದು ಅಂದುಕೊಂಡಿದ್ದೆ.

ಅವಳು ಸುರುಳಿಯನ್ನು ಕೆಳಗಿಟ್ಟು ಮೊದಲ ಸಲ ನನ್ನ ಮುಖ ನೋಡಿದಳು. “ಒಂದು ಕೇಳ್ತೇನೆ. ಶೇಖಣ್ಣ ನಮ್ಮ ಹಿಂದಿನ ಬೆಂಚಿನಲ್ಲಿ ಕೂತವ. ಮಗ್ಗಿ ಬರ್ತಿರಲಿಲ್ಲ ಅವನಿಗೆ. ಎರಡು ಸಲ ಹಿರಿತನ ಮಾಡಿದ. ಅವನು ಗೆದ್ದಾಗ ನಿನ್ನ ಹೊಟ್ಟೆ ಉರಿದಿತ್ತಾ?”

ನಾನು ನೆನಪು ಮಾಡಿಕೊಂಡೆ. ಅವನ ಗೆಲುವಿನ ದಿನ ನಾನು ಸಜ್ಜಕ ಉಂಡು ಬಂದಿದ್ದೆ. “ಇಲ್ಲ” ಎಂದೆ.

“ಎಂತಕ್ಕೆ ಇಲ್ಲ?”

ಅವಳು ಉತ್ತರಕ್ಕೆ ಕಾಯಲಿಲ್ಲ, ಮತ್ತೆ ಬಂಡಿಯ ಕಡೆ ತಿರುಗಿದಳು.

ಆ ಉತ್ತರ ಈಗ ನನಗೆ ಗೊತ್ತು, ನಿಮಗೆ ಹೇಳುತ್ತೇನೆ. ಪೇಟೆಯಲ್ಲೇ ಹುಟ್ಟಿದ ಶೇಖಣ್ಣನಿಗೆ ಸಿಕ್ಕದ್ದು ಅವನಿಗೆ ಸಲ್ಲತಕ್ಕದ್ದೇ ಎಂದು ನಾನು ಕೇಳದೆಯೇ ಒಪ್ಪಿದ್ದೆ. ವಾರಿಜಾಳಿಗೆ ಸಿಕ್ಕ ಪ್ರತಿಯೊಂದೂ, ಅಂಕ, ಹೊಗಳಿಕೆ, ಅಪ್ಪನ ಪ್ರೀತಿ, ನನ್ನಿಂದ ಹೋದದ್ದು ಎಂದು ಎಣಿಸಿದ್ದೆ. ಅರ್ಧ ಹಲಗೆ ಕೊಟ್ಟ ನನಗೆ ಅವಳು ಸದಾ ಅರ್ಧ ಹಲಗೆಯವಳಾಗಿಯೇ ಇರಬೇಕಿತ್ತು. ಇದನ್ನು ಹೊಟ್ಟೆಯೆನ್ನಲೇ, ಕಣ್ಣೆನ್ನಲೇ? ನಮ್ಮ ಭಾಷೆಯಲ್ಲಿ ಇದಕ್ಕೆ ಹೊಟ್ಟೆಯುರಿ ಎಂದೂ ಹೇಳುತ್ತೇವೆ, ಕಣ್ಣುರಿ ಎಂದೂ ಹೇಳುತ್ತೇವೆ. ಆಡುವ ಜನಕ್ಕೆ ಗೊತ್ತಿದ್ದದ್ದು ಕಾನೂನು ಬರೆದವರಿಗೆ ಗೊತ್ತಾಗಲಿಲ್ಲ. ಮೂರು ಜನಕ್ಕೆ ಒಂದು ರೊಟ್ಟಿ ಹಂಚಿದ ಆ ಹೆಂಗಸಿನ ಹಸಿವು ಸುಳ್ಳಲ್ಲ, ಅವಳಿಗೆ ಬಂದ ಮೀನಿನ ನಾತವೂ ಅವಳ ಮಟ್ಟಿಗೆ ಸುಳ್ಳಲ್ಲ. ಹಸಿವು ಯಾರ ಮೇಲೆ ಸಿಟ್ಟಾಗಬೇಕೆಂದು ಹುಡುಕುತ್ತಿರುತ್ತದೆ, ಕಣ್ಣು ತೋರಿಸಿಕೊಡುತ್ತದೆ. ಹಸಿವೇ ಇಲ್ಲದ ನನ್ನಂಥವಳಿಗೆ ಕಣ್ಣೊಂದೇ ಸಾಕಾಯಿತು. ಕೆಲಸ ಕಳೆದುಕೊಂಡ ಅಪ್ಪನಿಗೋ, ಆ ಕಣ್ಣು ಯಾರನ್ನೂ ತೋರಿಸಲಿಲ್ಲ.

ಆ ಬೆಳಿಗ್ಗೆ ಬಂಡಿಗಳು ಹೊರಟಾಗ ಕೊನೆಯ ಬಂಡಿಯ ಮೇಲೆ ಅಪ್ಪ ಕುಳಿತಿದ್ದ. ಹೊಸ ಗುಡ್ಡದಲ್ಲಿ ಬಲೆ ಕಟ್ಟಲು ಎತ್ತರ ಅಳೆಯುವವರು ಬೇಕಂತೆ. ನನ್ನ ಮೇಲೆ ಸಿಟ್ಟಿನಿಂದ ಹೋದದ್ದಲ್ಲ ಎಂದ. ತಲೆಯ ಮೇಲೆ ಕೈಯಿಟ್ಟು, “ಹುಷಾರು” ಎಂದ. ಅವನಿಗೆ ಎಪ್ಪತ್ತು ದಾಟಿತ್ತು. ಹೊಸ ಕೆಲಸಕ್ಕೆ ಹೋಗುವ ಹುರುಪು ಅವನ ಮುಖದ ಮೇಲೆ ಕಂಡು ನನಗೆ ಅವನ ಮೇಲೂ ಅಸೂಯೆಯಾಯಿತು.

ಆಮೇಲೆ ನಾನು ಜಿಲ್ಲೆಯ ಕಚೇರಿಗೆ ಹೋಗಿ ನನ್ನ ಕಾರಣ ತಿದ್ದಬೇಕೆಂದು ಕೇಳಿದೆ. ಅಲ್ಲಿಯ ಗುಮಾಸ್ತ ಒಳ್ಳೆಯವನು, ತಾಳ್ಮೆಯಿಂದ ಕೇಳಿಸಿಕೊಂಡ. “ಹೊಟ್ಟಿ ಅಳಿಸಿ ಏನ್ ಬರೀಲಿ? ಕಣ್ಣಾ?” ಎಂದ. ಎರಡೂ ಎಂದೆ. ಎರಡು ಬರೆಯಲು ಜಾಗವಿಲ್ಲ ಎಂದು ಹಾಳೆ ತೋರಿಸಿದ. ನಿಜವಾಗಿಯೂ ಜಾಗವಿರಲಿಲ್ಲ. ನಾನು ವಾಪಸು ಬಂದೆ.

ಈಗ ನಮ್ಮ ತೊಟ್ಟಿಗಳು ಅರ್ಧವೇ ತುಂಬುತ್ತವೆ. ವಾರಕ್ಕೆ ಎರಡು ಚೆಂಬು ಇದ್ದ ಸ್ನಾನ ಒಂದಕ್ಕೆ ಇಳಿದಿದೆ. ಅಪ್ಪ ಹೋದ ಗುಡ್ಡದಲ್ಲಿ ಹುರುಳಿಯ ಜೊತೆ ಬದನೆ, ಟೊಮೆಟೊ ಬೆಳೆಯುತ್ತಾರಂತೆ. ವಾರಿಜಾ ಅಲ್ಲಿಯ ಹಿರಿತನಕ್ಕೆ ಆರಿಸಿ ಬಂದಳೆಂದು ಬಂಡಿಯವನು ಸುದ್ದಿ ತಂದ. ಕೇಳಿದ ಕೂಡಲೇ ಎದೆಯ ಕೆಳಗೆ ಹಳೆಯ ಜಾಗದಲ್ಲೇ ಚುರುಕ್ಕೆಂದಿತು. ಎಲ್ಲ ತಿಳಿದ ಮೇಲೂ ಅದು ಹೋಗಿಲ್ಲ. ಹೋಯಿತೆಂದು ಬರೆದರೆ ಈ ಪತ್ರವೂ ಒಂದು ಕಾರಣದ ಹಾಳೆಯಾಗುತ್ತದೆ.

ನಿಮ್ಮನ್ನು ನೆನೆದಾಗಲೂ ಹಾಗೆಯೇ. ನಿಮಗೆ ಕಡಲು ಕಡಲಿನ ಜಾಗದಲ್ಲೇ ಇದೆ. ಮಳೆ ಬಂದರೆ ಕೊಡೆ ಬಿಚ್ಚಿ ಬಯ್ದುಕೊಳ್ಳುತ್ತೀರಿ. ನಿಮ್ಮ ವಾರಿಜಾ ಇನ್ನೂ ಊರು ಬಿಟ್ಟಿಲ್ಲ, ಬಹುಶಃ ಪಕ್ಕದ ಓಣಿಯಲ್ಲೇ ಇದ್ದಾಳೆ. ಇಷ್ಟೆಲ್ಲ ಇಟ್ಟುಕೊಂಡು, ಹೊಟ್ಟೆಯೋ ಕಣ್ಣೋ ಎಂದು ನೀವು ಇನ್ನೊಬ್ಬರ ಮತದ ಬಗ್ಗೆ ಜಗಳವಾಡುವುದನ್ನು ಓದಿದರೆ ನನಗೆ ಸಹಿಸಲು ಆಗುವುದಿಲ್ಲ.

ನನ್ನ ಬೇಡಿಕೆ ಚಿಕ್ಕದು. ಯಾರಾದರೂ ತಮ್ಮ ಮತಕ್ಕೆ ಕಾರಣ ಹೇಳಿದರೆ ಬರೆದುಕೊಂಡು ಎದ್ದುಬಿಡಬೇಡಿ. ಕೊಟ್ಟ ನೀರು ಕುಡಿಯಿರಿ, ಮಕ್ಕಳ ಹೆಸರು ವಿಚಾರಿಸಿರಿ, ಆಮೇಲೆ ಇನ್ನೊಮ್ಮೆ ಕೇಳಿರಿ. ಮೊದಲ ಉತ್ತರ ಊರು ಕಲಿಸಿದ್ದು. ಎರಡನೆಯದನ್ನು ಹೇಳುವಾಗ ಮನುಷ್ಯರು ಹೊಸಿಲವರೆಗೆ ಎದ್ದು ಬರುತ್ತಾರೆ, ದನಿ ಇಳಿಸುತ್ತಾರೆ. ಹಾಗೆ ಕೇಳಲು ಶುರುಮಾಡುವಾಗ ಮೊದಲು ನಿಮ್ಮ ಮನೆಯಿಂದಲೇ ಹೊರಡಿರಿ. ನಾನು ಅದನ್ನು ಹದಿಮೂರನೇ ದಿನಕ್ಕೆ ಬಿಟ್ಟಿದ್ದೆ.

ಇನ್ನು ಎಂಟು ದಿನಕ್ಕೆ ನಮ್ಮಲ್ಲಿ ಮತ್ತೆ ಚುನಾವಣೆ. ಈ ಸಲ ನಿಂತಿರುವವಳು ದಸ್ತಗೀರನ ಮಗಳು, ತೊಟ್ಟಿ ತೊಳೆಯುವವರ ಓಣಿಯವಳು, ಇಪ್ಪತ್ತಾರರ ಹುಡುಗಿ. ಬಹಳ ಚುರುಕು. ನಿನ್ನೆ ಕಟ್ಟೆಯ ಮೇಲೆ ನಿಂತು ಅವಳು ಮಾತಾಡಿದ್ದನ್ನು ಕೇಳಿದೆ. ಅಷ್ಟು ಚೆನ್ನಾಗಿ ನಾನು ಎಂದೂ ಮಾತಾಡಲಾರೆ. ಅವಳ ಮಾತು ಮುಗಿಯುವ ಹೊತ್ತಿಗೆ ಇವಳಿಗೇನು ಇಷ್ಟು ಧೈರ್ಯ ಎಂದುಕೊಳ್ಳುತ್ತಿದ್ದೆ. ಅವಳು ಯಾವ ಓಣಿಯವಳು ಎಂಬ ಯೋಚನೆ ಅದರ ಹಿಂದೆಯೇ ಬಂದು ನಿಂತಿತ್ತು. ಈ ಸಲ ಅದು ಬರುವುದನ್ನು ನಾನು ನೋಡಿದೆ.

ನಾನು ಅವಳಿಗೇ ಹಾಕುತ್ತೇನೆ, ಉರಿಯುತ್ತಲೇ.

ನಿಮ್ಮ ಕಾಲದ ಮೇಲೆ ಕಣ್ಣಿಟ್ಟಿರುವ,
ಫಕ್ಕೀರಪ್ಪನ ಮಗಳು ಹಾಲವ್ವ